ಮೂರು ಸಾವಿರ ಜನರ ಹರಕೆ

ಟೋಕಿಯೋದ ನಕಾನೋ ಸ್ಟೇಷನ್ನಿನಲ್ಲಿ ಇಳಿದು, ಮಾಡು ಹಾಕಿದ ಅಂಗಡಿ ಬೀದಿಯಲ್ಲಿ ಐದು ನಿಮಿಷ ನಡೆದರೆ ನಕಾನೋ ಬ್ರಾಡ್‌ವೇ ಅನ್ನುವ ಹಳೇ ಕಟ್ಟಡ ಸಿಗುತ್ತದೆ. ಕೆಳಗೆ ತರಕಾರಿ, ದಿನಸಿ. ಮೇಲಿನ ಮಹಡಿಗಳಲ್ಲಿ ಹಳೇ ಗೊಂಬೆ, ಹಳೇ ಕಾಮಿಕ್ಸು, ಹಳೇ ಡಿಸ್ಕು ಮಾರುವ ಗೂಡಿನಂಥ ಅಂಗಡಿಗಳು. ಕಂಪನಿ ಕೆಲಸದ ಮೇಲೆ ಎರಡು ವರ್ಷ ಆ ಊರಿನಲ್ಲಿದ್ದಾಗ, ಶನಿವಾರ ಬಂತೆಂದರೆ ನನ್ನ ಕಾಲು ತಾನಾಗಿ ಅತ್ತ ಎಳೆಯುತ್ತಿತ್ತು. 2018ರ ಚಳಿಗಾಲದ ಅಂಥದೊಂದು ಶನಿವಾರ, ಒಂದು ಅಂಗಡಿಯ ಬಾಗಿಲ ಪಕ್ಕ ನೆಲದ ಮೇಲಿಟ್ಟ ಪ್ಲಾಸ್ಟಿಕ್ ಕ್ರೇಟಿನಲ್ಲಿ ಒಂದು ರಟ್ಟಿನ ಡಬ್ಬಿ ಕಂಡಿತು. ಒಳಗೆ ಆರು ಡಿವಿಡಿ. ಹನ್ನೆರಡು ಕಂತಿನ ಒಂದು ಆನಿಮೆ, ಅಂದರೆ ಜಪಾನಿ ಕಾರ್ಟೂನು ಸರಣಿ, ಡಿಸ್ಕಿಗೆ ಎರಡೇ ಕಂತು. ಹೆಸರು ಹೇಳಿದರೂ ನಿಮಗೆ ಗೊತ್ತಾಗಲಿಕ್ಕಿಲ್ಲ, ಜಪಾನಿನಲ್ಲೇ ಜನ ಅದನ್ನು ಮರೆತಿದ್ದಾರೆ. ಪ್ರತಿ ಡಿಸ್ಕಿನ ಹಿಂದೆ ಅಚ್ಚಾದ ಬೆಲೆ ತೆರಿಗೆ ಸೇರಿ 7,350 ಯೆನ್. ಆರಕ್ಕೆ 44,100. ಡಬ್ಬಿಯ ಮೇಲೆ ಅಂಗಡಿಯವರು ಅಂಟಿಸಿದ್ದ ಚೀಟಿಯಲ್ಲಿ ಪೂರ್ತಿ ಸೆಟ್ಟಿಗೆ 1,980 ಯೆನ್.

ಮೊದಲ ಡಿಸ್ಕಿನ ಕವರು ಬಿಚ್ಚಿ ನೋಡಿದೆ. ಸಣ್ಣ ಪುಸ್ತಿಕೆ ಇತ್ತು. ಅದರ ಮಧ್ಯೆ ಒಂದು ಉದ್ದನೆಯ ಕಾಗದ. ಕಂಠದಾನ ಕಲಾವಿದರು ವೇದಿಕೆಗೆ ಬರುವ ಕಾರ್ಯಕ್ರಮವೊಂದಕ್ಕೆ ಅರ್ಜಿ ಚೀಟಿ. ಗಮನಿಸಿ, ಅದು ಟಿಕೆಟ್ ಅಲ್ಲ. ಟಿಕೆಟ್ ಕೊಳ್ಳುವ ಅವಕಾಶಕ್ಕಾಗಿ ಲಾಟರಿಗೆ ಹಾಕುವ ಅರ್ಜಿ. ಕಡೆಯ ದಿನಾಂಕ 2008ರಲ್ಲೇ ಮುಗಿದಿತ್ತು. ಚುಕ್ಕಿ ಗೆರೆಯ ಮೇಲೆ ಹರಿದಿರಲಿಲ್ಲ. ಯಾರೋ ಒಬ್ಬರು ಆರು ತಿಂಗಳು, ತಿಂಗಳಿಗೊಂದರಂತೆ ಈ ಡಿಸ್ಕುಗಳನ್ನು ಕೊಂಡು, ಡಬ್ಬಿಯಲ್ಲಿ ಜೋಡಿಸಿ, ಹತ್ತು ವರ್ಷ ಇಟ್ಟುಕೊಂಡು, ಒಂದು ದಿನ ತಂದು ಇಲ್ಲಿ ಸುರಿದಿದ್ದರು.

ನಾನು ಕೊಂಡೆ. ಮನೆಗೆ ಬರುವ ರೈಲಿನಲ್ಲಿ ಕೂತಾಗ ತಲೆಯಲ್ಲಿ ಎರಡು ಹುಳ ಹೊಕ್ಕವು. ಒಂದು, ನಾನು ಕೊಟ್ಟ 1,980 ಯೆನ್ನಿನಲ್ಲಿ ಇದನ್ನು ಬರೆದವರಿಗಾಗಲಿ ಬಿಡಿಸಿದವರಿಗಾಗಲಿ ಒಂದು ಪೈಸೆಯೂ ಹೋಗಲಿಲ್ಲ. ಎರಡು, ಟಿವಿಯಲ್ಲಿ ಪುಕ್ಕಟೆ ಬಂದುಹೋಗಿದ್ದ ಐದು ತಾಸಿನ ಕಾರ್ಟೂನಿಗೆ ಆ ಮೊದಲ ಪುಣ್ಯಾತ್ಮ ಯಾಕೆ 44,100 ಯೆನ್ ಕೊಟ್ಟ? ಆಗಿನ ಲೆಕ್ಕದಲ್ಲೂ ಅದು ನಮ್ಮ ಹದಿನೈದು ಸಾವಿರ ರೂಪಾಯಿಗಿಂತ ಜಾಸ್ತಿ. ಹುಚ್ಚು ಅಂದುಬಿಡಬಹುದು. ಆದರೆ ಆ ಹುಚ್ಚಿನ ಮೇಲೇ ಒಂದು ಇಡೀ ಉದ್ಯಮ ವರ್ಷಗಟ್ಟಲೆ ನಿಂತಿತ್ತು.

ರಾತ್ರಿ 25:30

ಜಪಾನಿನ ಟಿವಿ ವೇಳಾಪಟ್ಟಿಯಲ್ಲಿ ದಿನಕ್ಕೆ ಇಪ್ಪತ್ತನಾಲ್ಕೇ ತಾಸಲ್ಲ. ರಾತ್ರಿ ಒಂದೂವರೆಯನ್ನು ಅವರು 25:30 ಅಂತ ಬರೆಯುತ್ತಾರೆ. ಮಲಗದೆ ಕೂತವನಿಗೆ ದಿನ ಇನ್ನೂ ಮುಗಿದಿಲ್ಲವಲ್ಲ! ಈ ಲೆಕ್ಕ ಮೊದಲ ಸಲ ನೋಡಿದಾಗ ನನಗೆ ಬಹಳ ಹಿಡಿಸಿತು. ನಮ್ಮ ಕಡೆ ಯಕ್ಷಗಾನದ ಆಟಕ್ಕೆ ಹೋದವರಿಗೂ ಅದು ಮಾರನೆಯ ದಿನವಲ್ಲ, ಅದೇ ರಾತ್ರಿ.

1990ರ ದಶಕದ ಕೊನೆಯಿಂದ ಈ ಹೊತ್ತಿನಲ್ಲಿ ಹೊಸ ಹೊಸ ಆನಿಮೆ ಬರತೊಡಗಿದವು. ಸಂಜೆ ಬರುವ ಮಕ್ಕಳ ಕಾರ್ಯಕ್ರಮಕ್ಕೆ ಚಾನೆಲ್ಲಿನವರು ದುಡ್ಡು ಕೊಡುತ್ತಾರೆ, ಆಟಿಕೆ ಕಂಪನಿ ಜಾಹೀರಾತು ಕೊಡುತ್ತದೆ. ಈ ನಡುರಾತ್ರಿಯ ಕಾರ್ಯಕ್ರಮಗಳ ಲೆಕ್ಕ ತಿರುವುಮುರುವು. ಇಲ್ಲಿ ಮಾಡಿದವರೇ ಚಾನೆಲ್ಲಿಗೆ ದುಡ್ಡು ಕೊಟ್ಟು ಅರ್ಧ ಗಂಟೆ ಕೊಳ್ಳಬೇಕು. ಅಂದರೆ ಟಿವಿಯಲ್ಲಿ ಬಂದದ್ದು ಕಾರ್ಯಕ್ರಮವೇ ಅಲ್ಲ, ಡಿಸ್ಕಿನ ಜಾಹೀರಾತು. ಹನ್ನೆರಡು ವಾರ ಪುಕ್ಕಟೆ ತೋರಿಸಿ, ಆಮೇಲೆ ಅದನ್ನೇ ಏಳು ಸಾವಿರ ಯೆನ್ನಿಗೆ ಮಾರುವುದು. ಟಿವಿಯಲ್ಲಿ ಬಂದದ್ದು ಕೆಲವೊಮ್ಮೆ ಅರೆಬೆಂದ ಅಡುಗೆಯಾಗಿರುತ್ತಿತ್ತು. ಗಡುವಿಗೆ ಓಡಿ ಓಡಿ ಸೊಟ್ಟಗಾದ ಮುಖಗಳನ್ನು ಡಿಸ್ಕಿಗೆ ಹಾಕುವಾಗ ತಿದ್ದಿ ಬಿಡಿಸುತ್ತಿದ್ದರು. ಸ್ನಾನದ ದೃಶ್ಯದಲ್ಲಿ ಟಿವಿಗೆ ದಟ್ಟವಾಗಿ ತುಂಬಿಸಿದ್ದ ಹಬೆಯೂ ಡಿಸ್ಕಿನಲ್ಲಿ ತೆಳುವಾಗುತ್ತಿತ್ತು. ಅದಕ್ಕೆಂದೇ ಕೊಂಡವರೂ ಇದ್ದರು, ಮುಚ್ಚಿಡುವುದೇನು.

ದುಡ್ಡು ಹಾಕುವುದಕ್ಕೆ ಒಂದು ಕೂಟ ಇರುತ್ತದೆ. ಜಪಾನಿ ಭಾಷೆಯಲ್ಲಿ ಸೇಸಾಕು ಈಂಕಾಯ್, ನಿರ್ಮಾಣ ಸಮಿತಿ ಅನ್ನಬಹುದು. ಮೂಲ ಕಾಮಿಕ್ಸಿನ ಪ್ರಕಾಶಕರು, ಹಾಡಿನ ಕಂಪನಿ, ಜಾಹೀರಾತು ಏಜೆನ್ಸಿ, ಚಾನೆಲ್ಲು, ಡಿಸ್ಕು ಮಾರುವ ಕಂಪನಿ, ಹೀಗೆ ಐದಾರು ಮಂದಿ ಪಾಲು ಹಾಕುತ್ತಾರೆ. ಮುಳುಗಿದರೆ ಎಲ್ಲರೂ ಸ್ವಲ್ಪ ಸ್ವಲ್ಪ ಮುಳುಗುತ್ತಾರೆ, ಯಾರೊಬ್ಬರ ಮನೆಯೂ ಹರಾಜಾಗುವುದಿಲ್ಲ. ಬಹಳ ಸಲ ಈ ಕೂಟದ ಯಜಮಾನಿಕೆ ಡಿಸ್ಕಿನ ಕಂಪನಿಯದೇ. ಚಿತ್ರ ಬಿಡಿಸುವ ಸ್ಟುಡಿಯೋ ಮಾತ್ರ ಸಾಮಾನ್ಯವಾಗಿ ಈ ಕೂಟದ ಹೊರಗೆ. ಅದಕ್ಕೆ ಗುತ್ತಿಗೆ ದುಡ್ಡು ಸಿಗುತ್ತದೆ, ಅಷ್ಟೇ. ಡಿಸ್ಕು ಲಕ್ಷ ಮಾರಿದರೂ, ಪಾಲು ಹಾಕದ ಸ್ಟುಡಿಯೋಗೆ ಅದರಲ್ಲಿ ಹಕ್ಕಿಲ್ಲ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಬಿಚ್ಚದ ಡಿಸ್ಕುಗಳು

ನನ್ನ ಎರಡನೇ ಹುಳಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಟೀಮಿನ ಹಿರಿಯರೊಬ್ಬರ ಮನೆಯಲ್ಲಿ. ನಲವತ್ತೈದರ ಆಸುಪಾಸು, ಒಂಟಿ ಮನುಷ್ಯ. ಆಫೀಸಿನಲ್ಲಿ ಡೇಟಾಬೇಸಿನ ವಿಷಯ ಬಿಟ್ಟು ಬೇರೆ ಮಾತೇ ಇಲ್ಲ. ನಕಾನೋದಲ್ಲಿ ನಾನು ಡಬ್ಬಿ ಕೊಂಡ ಕತೆ ಊಟದ ಹೊತ್ತಿನಲ್ಲಿ ಹೇಳಿದಾಗ ಮೊದಲ ಸಲ ಅವರ ಮುಖ ಅರಳಿತು. ಯಾವ ಸರಣಿ ಅಂತ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಹತ್ತಿರವೂ ಇದೆ" ಅಂದರು.

ಎರಡು ವಾರದ ನಂತರ ಸೈತಾಮಾ ಕಡೆಯ ಅವರ ಮನೆಗೆ ಹೋದೆ. ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಹಾಸಿಗೆಯ ಬದಿಯ ಗೋಡೆ ಪೂರ್ತಿ ಕಪಾಟು. ಕಪಾಟಿನ ತುಂಬ ಡಿಸ್ಕು. ಬಿಸಿಲು ಬಿದ್ದು ಬಣ್ಣ ಮಾಸಬಾರದೆಂದು ಕಿಟಕಿಗೆ ದಪ್ಪ ಪರದೆ ಎಳೆದಿದ್ದರು, ಹಗಲು ಹೊತ್ತಿನಲ್ಲೂ ದೀಪ ಉರಿಯುತ್ತಿತ್ತು. ಒಂದು ಸೆಟ್ಟು ಎಳೆದು ನನ್ನ ಕೈಗೆ ಕೊಟ್ಟರು. ಮೇಲಿನ ತೆಳು ಪ್ಲಾಸ್ಟಿಕ್ ಹಾಗೇ ಇದೆ. ಇನ್ನೊಂದು ಎಳೆದರು. ಅದೂ ಹಾಗೇ. ಮೂಲೆಯಲ್ಲಿ ಅಂಗಡಿಯವರ ಬೆಲೆ ಚೀಟಿ ಕೂಡ ಕಿತ್ತಿಲ್ಲ.

"ಇವನ್ನು ನೋಡಿಯೇ ಇಲ್ವಾ?" ಅಂತ ಕೇಳಿದೆ.

"ನೋಡಿದ್ದೇನೆ. ಟಿವಿಯಲ್ಲಿ ಬಂದಾಗ ರೆಕಾರ್ಡ್ ಮಾಡಿಕೊಂಡು ನೋಡಿದೆ. ಇದು ನೋಡುವುದಕ್ಕಲ್ಲ. ಇದು ಒಫುಸೆ."

ಒಫುಸೆ ಅಂದರೆ ಬೌದ್ಧ ಗುಡಿಯಲ್ಲಿ ಗುರುಗಳಿಗೆ ಲಕೋಟೆಯಲ್ಲಿ ಹಾಕಿ ಕೊಡುವ ಕಾಣಿಕೆ. ಅವರು ತಮಾಷೆಗೆ ಅಂದರೋ ಏನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅಲ್ಲಿನ ಕಟ್ಟಾ ಅಭಿಮಾನಿಗಳ ಬಾಯಲ್ಲಿ ಇದು ಬಳಕೆಯ ಮಾತು. ಡಿಸ್ಕಿಗೆ ಎನ್‌ಬನ್ ಅನ್ನುತ್ತಾರೆ, ದುಂಡನೆಯ ತಟ್ಟೆ ಅಂತ. ಎನ್‌ಬನ್ ಕೊಳ್ಳುವುದು ಒಫುಸೆ.

ನಮ್ಮದು ಕುಂದಾಪುರದ ಕಡೆ. ಆ ಮಾತು ಕೇಳಿದ ಕೂಡಲೇ ನನಗೆ ಕಂಡದ್ದು ಹರಕೆ ಆಟ. ಯಾರದೋ ಮನೆಯವರು ಹರಕೆ ಹೊತ್ತು ಮಂದಾರ್ತಿ ದೇವಸ್ಥಾನದ ಯಕ್ಷಗಾನ ಮೇಳಕ್ಕೆ ಆಟ ಹೇಳಿಕೊಂಡಿರುತ್ತಾರೆ. ವರ್ಷಗಟ್ಟಲೆ ಕಾದ ಮೇಲೆ ಅವರ ಸರದಿ ಬರುತ್ತದೆ. ಮನೆ ಮುಂದಿನ ಕಟಾವಾದ ಗದ್ದೆಯಲ್ಲಿ ರಂಗಸ್ಥಳ ಏಳುತ್ತದೆ. ಖರ್ಚೆಲ್ಲ ಆ ಮನೆಯವರದು. ನೋಡುವುದು ಊರಿಗೆ ಊರೇ. ಟಿಕೆಟ್ಟಿಲ್ಲ, ಕರೆಯದಿದ್ದರೂ ಹೋಗಬಹುದು, ಊಟವೂ ಉಂಟು. ಆಟ ಆಡಿಸಿದ ಯಜಮಾನರು ಓಡಾಟದಲ್ಲಿ ಎಷ್ಟೋ ಸಲ ಆಟ ನೋಡಿಯೇ ಇರುವುದಿಲ್ಲ! ನನ್ನ ಎದುರು ಕೂತ ಈ ಮನುಷ್ಯ ಪ್ಲಾಸ್ಟಿಕ್ ಬಿಚ್ಚದ ಡಿಸ್ಕು ಹಿಡಿದುಕೊಂಡು ಹೇಳುತ್ತಿದ್ದದ್ದು ಅದನ್ನೇ. ನಡುರಾತ್ರಿ ಲಕ್ಷಾಂತರ ಜನ ಪುಕ್ಕಟೆ ನೋಡಿದರು, ಅದರ ಖರ್ಚು ನಮ್ಮಂಥ ಕೆಲವು ಸಾವಿರ ಜನ ಹೊತ್ತೆವು.

ಹರಕೆ ಅಂದ ಮೇಲೆ ಬೇಡಿಕೆಯೂ ಇರಬೇಕಲ್ಲ. ಬೇಡಿಕೆ ಒಂದೇ, ಎರಡನೇ ಸೀಸನ್ ಬರಲಿ.

2,899

ಎಷ್ಟು ಮಾರಿದರೆ ಎರಡನೆಯದು ಬರುತ್ತದೆ? ಒರಿಕಾನ್ ಅನ್ನುವ ಸಂಸ್ಥೆ ವಾರ ವಾರ ಡಿಸ್ಕು ಮಾರಾಟದ ಪಟ್ಟಿ ಹೊರಡಿಸುತ್ತದೆ. ಅಭಿಮಾನಿಗಳು ಕ್ರಿಕೆಟ್ ಸ್ಕೋರು ನೋಡಿದ ಹಾಗೆ ಅದನ್ನು ನೋಡುತ್ತಿದ್ದರು. 2007ರ ಜನವರಿಯಿಂದ ಮಾರ್ಚ್‌ವರೆಗೆ ಬಂದ 'ಗಾಕುಎನ್ ಯುಟೋಪಿಯಾ ಮನಾಬಿ ಸ್ಟ್ರೈಟ್!' ಅನ್ನುವ ಸರಣಿಯ ಡಿಸ್ಕು ಸರಾಸರಿ 2,899 ಮಾರಿದವು ಅಂತ ಒಂದು ಲೆಕ್ಕ ಹುಟ್ಟಿಕೊಂಡಿತು. ಅದೇ ಗಡಿಯಾಯಿತು. ಅದರ ಹೆಸರು ಮನಾಬಿ ಗೆರೆ. ಮೇಲಿದ್ದರೆ ಬಚಾವ್, ಕೆಳಗಿದ್ದರೆ ಬಕುಶಿ. ಬಕುಶಿ ಅಂದರೆ ಸಿಡಿದು ಸತ್ತದ್ದು. ನಮ್ಮ ಗಾಂಧಿನಗರದವರು 'ಮಕಾಡೆ ಮಲಗಿತು' ಅನ್ನುವುದಕ್ಕೆ ಸಮ.

ಲೆಕ್ಕ ಮಾಡಿ ನೋಡೋಣ. ಮೂರು ಸಾವಿರ ಜನ, ಆರು ಡಿಸ್ಕು, ಒಂದಕ್ಕೆ ಏಳು ಸಾವಿರ ಯೆನ್. ಹನ್ನೆರಡೂವರೆ ಕೋಟಿ ಚಿಲ್ಲರೆ ಯೆನ್. ಅದರಲ್ಲಿ ಅಂಗಡಿಯವರದು, ಸಗಟು ವ್ಯಾಪಾರಿಯದು ಕಳೆಯಬೇಕು. ಆ ದಿನಗಳಲ್ಲಿ ಒಂದು ಕಂತು ಮಾಡಲು ಒಂದು ಕೋಟಿ ಯೆನ್ನಿನ ಮೇಲೇ ಬೀಳುತ್ತಿತ್ತು, ಹನ್ನೆರಡು ಕಂತಿಗೆ ಹನ್ನೆರಡು ಕೋಟಿಗೂ ಮೀರಿ. ಚಾನೆಲ್ಲಿಗೆ ಕೊಟ್ಟ ದುಡ್ಡು ಬೇರೆ. ಅಂದರೆ ಮೂರು ಸಾವಿರಕ್ಕೆ ಗಿಟ್ಟುವುದು ಕಷ್ಟವೇ. ಹಾಡಿನ ಸೀಡಿ, ಹೊರದೇಶದ ಹಕ್ಕು, ಅದೂ ಇದೂ ಸೇರಿದರೆ ತಳ ಕಾಣದೆ ಉಳಿಯಬಹುದು. ಈ ಗೆರೆ ಯಾವ ಲೆಕ್ಕಿಗನೂ ಎಳೆದದ್ದಲ್ಲ, ಅಭಿಮಾನಿಗಳ ಹರಟೆಯಲ್ಲಿ ಹುಟ್ಟಿದ್ದು. ಆದರೂ ಒಂದು ವಿಷಯ ಅದರಲ್ಲಿ ನಿಜ. ಹನ್ನೆರಡೂವರೆ ಕೋಟಿ ಜನಸಂಖ್ಯೆಯ ದೇಶದಲ್ಲಿ ಒಂದು ಕಾರ್ಟೂನು ಬದುಕುತ್ತದೋ ಸಾಯುತ್ತದೋ ಅನ್ನುವುದು ಮೂರು ಸಾವಿರ ಜನರ ಕೈಯಲ್ಲಿತ್ತು. ಒಂದು ಸಿನಿಮಾ ಟಾಕೀಸಿನ ನಾಲ್ಕು ಆಟಕ್ಕೆ ಹಿಡಿಯುವಷ್ಟು ಜನ.

ಆ ಸರಣಿಯನ್ನು ಮಾಡಿದ ಸ್ಟುಡಿಯೋ ಹೆಸರು ಯುಫೋಟೇಬಲ್. ನೆನಪಿಟ್ಟುಕೊಳ್ಳಿ.

ಚಾಕಲೇಟಿನಿಂದ ಡಿಸ್ಕಿಗೆ

ಆನಿಮೆ ಸ್ವಂತ ಕಾಲ ಮೇಲೆ ನಿಂತದ್ದು ಕಡಿಮೆ. 1963ರ ಜನವರಿ 1ರಂದು ಕಾಮಿಕ್ಸ್ ಕಲಾವಿದ ತೆಜುಕಾ ಒಸಾಮು ತಮ್ಮ 'ಟೆತ್ಸುವಾನ್ ಆಟೊಮು' ಸರಣಿಯನ್ನು ಟಿವಿಗೆ ತಂದಾಗಲೇ, ಚಾನೆಲ್ಲು ಕೊಡುವ ದುಡ್ಡು ಖರ್ಚಿಗೆ ಸಾಲದು ಅಂತ ಗೊತ್ತಿತ್ತು. ಮೇಜಿ ಕಂಪನಿಯ ಚಾಕಲೇಟಿನ ಜೊತೆ ಕೊಡುವ ಸ್ಟಿಕ್ಕರಿನಂಥ ಸಾಮಾನಿನಲ್ಲಿ ಅದು ಹೊಟ್ಟೆ ಹೊರೆಯಿತು. ಅಲ್ಲಿಂದ ಮುಂದೆ ಆಟಿಕೆ. 1979ರ 'ಗುಂಡಮ್' ಸರಣಿಯ ಪ್ರಾಯೋಜಕರು ಆಟಿಕೆ ಕಂಪನಿಯವರು. ಆಟಿಕೆ ಎಣಿಸಿದಷ್ಟು ಹೋಗದೆ ಸರಣಿಯನ್ನು 43 ಕಂತಿಗೇ ಮುಗಿಸಿಬಿಟ್ಟರು. ಮಾರನೇ ವರ್ಷ ಬಂಡಾಯ್ ಕಂಪನಿ ಅದೇ ರೋಬೋಗಳನ್ನು ಜೋಡಿಸುವ ಪ್ಲಾಸ್ಟಿಕ್ ಕಿಟ್ ಮಾಡಿ ಮಾರಿತು. ಅದು ಇವತ್ತಿಗೂ ಮಾರುತ್ತಲೇ ಇದೆ. ಚೆನ್ನಾಗಿತ್ತೋ ಇಲ್ಲವೋ ಅನ್ನುವುದಲ್ಲ, ಗೊಂಬೆ ಹೋಯಿತೋ ಇಲ್ಲವೋ ಅನ್ನುವುದೇ ಲೆಕ್ಕ.

1983ರ ಡಿಸೆಂಬರಿನಲ್ಲಿ 'ಡಲ್ಲೋಸ್' ಅನ್ನುವ ಆನಿಮೆ ಬಂತು. ಟಿವಿಗೂ ಬರಲಿಲ್ಲ, ಟಾಕೀಸಿಗೂ ಬರಲಿಲ್ಲ, ಸೀದಾ ವಿಡಿಯೋ ಅಂಗಡಿಗೆ. ಕ್ಯಾಸೆಟ್ಟಿನಿಂದ ಲೇಸರ್ ಡಿಸ್ಕು, ಅಲ್ಲಿಂದ ಡಿವಿಡಿ, ಬ್ಲೂರೇ. ಆ ಮೂವತ್ತು ವರ್ಷ ನನಗೆ ವಿಶೇಷವಾಗಿ ಕಾಣುವುದು ಯಾಕೆಂದರೆ, ಮಾರುತ್ತಿದ್ದ ಸರಕು ಚಾಕಲೇಟೂ ಅಲ್ಲ, ಗೊಂಬೆಯೂ ಅಲ್ಲ, ಆ ಕೃತಿಯೇ. ದೊಡ್ಡವರಿಗಾಗಿ ಮಾಡಿದ ವಿಚಿತ್ರ ಕತೆ, ನಿಧಾನದ ಕತೆ, ಅರ್ಥವಾಗದ ಕತೆ, ಎಲ್ಲಕ್ಕೂ ಮೂರು ಸಾವಿರ ಗಿರಾಕಿ ಸಿಕ್ಕರೆ ಸಾಕಿತ್ತು. ಕೆಟ್ಟದ್ದೂ ಬೇಕಾದಷ್ಟು ಬಂತು. ಒಬ್ಬ ಪೆದ್ದ ಹುಡುಗನ ಸುತ್ತ ಐದು ಜನ ಹುಡುಗಿಯರು ಸುತ್ತುವ ಕತೆಯನ್ನು ಇನ್ನೂರು ಸಲ ಮಾಡಿದರು, ಆ ಮೂರು ಸಾವಿರ ಜನರ ಜೇಬು ನೋಡಿಯೇ. ಹರಕೆ ಹೊತ್ತವರು ಹೇಳಿದ ಪ್ರಸಂಗವನ್ನೇ ಆಡಬೇಕಲ್ಲ.

ಉಂಡು ಹೋದವರು

ಈಗ ನನ್ನ ಮರ್ಯಾದೆಯ ವಿಷಯ. 2006ರ ಹೊತ್ತಿಗೆ ನಾನು ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಮೆಜೆಸ್ಟಿಕ್ ಹತ್ತಿರದ ಒಂದು ಮಾರ್ಕೆಟ್ಟಿನಲ್ಲಿ ಡಿವಿಡಿ ಗುಡ್ಡೆ ಹಾಕಿಕೊಂಡು ಕೂರುತ್ತಿದ್ದ ಒಬ್ಬ ಹುಡುಗನಿಗೆ ನನ್ನ ಮುಖ ಪರಿಚಯವಾಗಿತ್ತು. "ಅಣ್ಣಾ, ನಿಮ್ಮ ಚೈನೀಸ್ ಕಾರ್ಟೂನ್ ಬಂದಿದೆ" ಅಂತ ದೂರದಿಂದಲೇ ಕೂಗುತ್ತಿದ್ದ. ಚೈನೀಸ್ ಅಲ್ಲ ಕಣೋ ಜಪಾನಿ ಅಂದರೆ, "ಎರಡೂ ಒಂದೇ ಅಲ್ವಾಣ್ಣ, ಫುಲ್ ಸೀಸನ್ ಇದೆ, ಐವತ್ತು ಕೊಡಿ" ಅನ್ನುತ್ತಿದ್ದ. ಇಪ್ಪತ್ತಾರು ಕಂತು, ಒಂದೇ ಡಿಸ್ಕು, ಐವತ್ತು ರೂಪಾಯಿ. ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಕೆಳಗೆ ಬರುವ ಇಂಗ್ಲಿಷ್ ಸಾಲುಗಳನ್ನು ಯಾರೋ ನಿದ್ದೆಗಣ್ಣಿನಲ್ಲಿ ಬರೆದಂತಿದ್ದವು. ನಾಯಕನ ಹೆಸರು ಕಂತಿಗೊಂದು. ಅದನ್ನೇ ಹಾಸ್ಟೆಲ್ಲಿನಲ್ಲಿ ಎಂಟು ಜನ ಒಂದು ಕಂಪ್ಯೂಟರಿನ ಮುಂದೆ ಕೂತು ನೋಡಿದೆವು. ಆಮೇಲೆ ಆ ಐವತ್ತೂ ದಂಡ ಅನ್ನಿಸಿತು. ಅಭಿಮಾನಿಗಳೇ ಅನುವಾದ ಮಾಡಿ ಇಂಟರ್ನೆಟ್ಟಿಗೆ ಹಾಕುತ್ತಿದ್ದದ್ದನ್ನು ರಾತ್ರಿಯಿಡೀ ಇಳಿಸಿಕೊಳ್ಳತೊಡಗಿದೆವು. ಸೈತಾಮಾದ ಆ ಮನುಷ್ಯ ಸಂಬಳದಲ್ಲಿ ಉಳಿಸಿ ಡಿಸ್ಕು ಕೊಳ್ಳುತ್ತಿದ್ದ ಅದೇ ವರ್ಷಗಳು. ಅವರು ಆಡಿಸಿದ ಆಟಕ್ಕೆ ಹೋಗಿ, ಉಂಡು, ಯಜಮಾನರ ಮುಖ ಕೂಡ ನೋಡದೆ ಎದ್ದು ಬಂದವರು ನಾವು. ಅವರ ಮನೆಯಲ್ಲಿ ಕೂತು ಇದನ್ನು ಹೇಳಿದಾಗ ಅವರು ಬಿದ್ದು ಬಿದ್ದು ನಕ್ಕರು. "ಐವತ್ತು ರೂಪಾಯಿ ಅಂದರೆ ಎಷ್ಟು ಯೆನ್?" ಅಂತ ಎರಡು ಸಲ ಕೇಳಿದರು.

ಹಾಗಂತ ಡಿಸ್ಕು ಸತ್ತದ್ದು ನಮ್ಮಂಥವರಿಂದ ಮಾತ್ರ ಅಲ್ಲ. ಜಪಾನ್ ಆನಿಮೇಷನ್ ಸಂಘದ ವರದಿಗಳ ಪ್ರಕಾರ ಅಲ್ಲಿ ಆನಿಮೆ ಡಿಸ್ಕು ಮಾರಾಟ ಉತ್ತುಂಗದಲ್ಲಿದ್ದದ್ದು 2005ರಲ್ಲಿ, ಸುಮಾರು 13,900 ಕೋಟಿ ಯೆನ್. 2020ರ ಹೊತ್ತಿಗೆ ಅದು ಅರ್ಧಕ್ಕಿಂತ ಎಷ್ಟೋ ಕೆಳಗೆ ಇಳಿದಿತ್ತು. ಅಮೆರಿಕದಲ್ಲಿ ಪೆಟ್ಟು ಇನ್ನೂ ಬೇಗ ಬಿತ್ತು. ಅಲ್ಲಿ ಆನಿಮೆ ಡಿವಿಡಿ ಹೆಚ್ಚು ಮಾರುತ್ತಿದ್ದ ಅಂಗಡಿ ಸರಪಳಿಯ ಮಾಲೀಕ ಕಂಪನಿ ಮ್ಯೂಸಿಕ್‌ಲ್ಯಾಂಡ್ 2006ರ ಜನವರಿಯಲ್ಲಿ ದಿವಾಳಿಯೆಂದು ಕೋರ್ಟಿಗೆ ಹೋಯಿತು. ಹಿಂದೆಯೇ ಆನಿಮೆ ಕೊಂಡು ಮಾರುತ್ತಿದ್ದ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಜಪಾನಿನಲ್ಲಿ 2012ರಲ್ಲಿ ತಿಂಗಳಿಗೆ 400 ಯೆನ್ ಚಿಲ್ಲರೆಗೆ ಇಂಟರ್ನೆಟ್ಟಿನಲ್ಲಿ ನೂರಾರು ಸರಣಿ ತೋರಿಸುವ ಡಿ ಆನಿಮೆ ಸ್ಟೋರ್ ಶುರುವಾಯಿತು. 2015ರಲ್ಲಿ ನೆಟ್‌ಫ್ಲಿಕ್ಸ್ ಬಂತು. ಎರಡು ಕಂತಿಗೆ ಏಳು ಸಾವಿರ ಒಂದು ಕಡೆ, ಎಲ್ಲದಕ್ಕೂ ನಾನೂರು ಇನ್ನೊಂದು ಕಡೆ. ಹೊಸದಾಗಿ ಅಭಿಮಾನಿಯಾದ ಕಾಲೇಜು ಹುಡುಗನಿಗೆ ಡಿಸ್ಕು ಹಾಕಲು ಮನೆಯಲ್ಲಿ ಪ್ಲೇಯರೇ ಇಲ್ಲ. 2025ರ ಫೆಬ್ರವರಿಯಲ್ಲಿ ಸೋನಿ ಖಾಲಿ ಬ್ಲೂರೇ ಡಿಸ್ಕು ತಯಾರಿಸುವುದನ್ನೂ ನಿಲ್ಲಿಸಿತು.

ಕೊನೆಕೊನೆಗೆ ಡಿಸ್ಕು ಮಾರಲು ಬೇರೇನನ್ನಾದರೂ ಸುತ್ತಿ ಕೊಡಬೇಕಾಯಿತು. ನನ್ನ ಡಬ್ಬಿಯೊಳಗಿನ ಆ ಅರ್ಜಿ ಚೀಟಿ ಅದರ ಮೊದಮೊದಲ ರೂಪ. 2021ರಲ್ಲಿ 'ಉಮಾ ಮುಸುಮೆ' ಅನ್ನುವ ಓಟದ ಕುದುರೆ ಹುಡುಗಿಯರ ಸರಣಿಯ ಡಿಸ್ಕು ಒಂದು ವಾರದಲ್ಲಿ ಲಕ್ಷ ದಾಟಿತು. ಒಳಗೆ ಮೊಬೈಲ್ ಗೇಮಿನಲ್ಲಿ ಬಳಸುವ ಒಂದು ಕೋಡ್ ಇತ್ತು. ತಟ್ಟೆ ಬರೀ ಲಕೋಟೆಯಾಯಿತು.

ದುಡ್ಡು ಬಂತು, ಎಲ್ಲಿಗೆ?

ಡಿಸ್ಕು ಬಿದ್ದರೆ ಆನಿಮೆ ಮುಳುಗುತ್ತದೆ ಅಂತ 2010ರ ಸುಮಾರಿಗೆ ಎಲ್ಲರೂ ಅನ್ನುತ್ತಿದ್ದರು. ನಾನೂ ಅಂದಿದ್ದೇನೆ. ನಾವೆಲ್ಲ ತಪ್ಪು. 2020ರಲ್ಲಿ ಮೊದಲ ಸಲ ಹೊರದೇಶದ ಗಳಿಕೆ ಜಪಾನಿನೊಳಗಿನ ಗಳಿಕೆಯನ್ನು ದಾಟಿತು. 2023ರಲ್ಲಿ ಇಡೀ ಆನಿಮೆ ಮಾರುಕಟ್ಟೆ ಸುಮಾರು 3.35 ಲಕ್ಷ ಕೋಟಿ ಯೆನ್, ಅದರಲ್ಲಿ 1.72 ಲಕ್ಷ ಕೋಟಿ ಹೊರಗಿನದು. ಆ ಹೊರಗಿನದರಲ್ಲಿ ಈಗ ನನ್ನ ತಿಂಗಳ ಚಂದಾವೂ ಸೇರಿದೆ, ಹಳೇ ಪಾಪಕ್ಕೆ ಪ್ರಾಯಶ್ಚಿತ್ತ. 2019ರಲ್ಲಿ ನಮ್ಮ ದೇಶದ ಹುಡುಗರು ಐವತ್ತು ಸಾವಿರಕ್ಕೂ ಮೇಲೆ ಸಹಿ ಹಾಕಿ ಒಂದು ಜಪಾನಿ ಸಿನಿಮಾವನ್ನು ಇಲ್ಲಿನ ಟಾಕೀಸಿಗೆ ತರಿಸಿಕೊಂಡರು. 2025ರ ಸೆಪ್ಟೆಂಬರಿನಲ್ಲಿ 'ಡೆಮನ್ ಸ್ಲೇಯರ್' ಹೊಸ ಸಿನಿಮಾ ಬಂದಾಗ ಹಿಂದಿ, ತಮಿಳು, ತೆಲುಗಿನಲ್ಲೂ ಬಂತು. ಕನ್ನಡದಲ್ಲಿ ಬರಲಿಲ್ಲ. ಆ ಜಗಳ ಇನ್ನೊಂದು ದಿನ ಮಾಡೋಣ.

ಆದರೆ ಈ ಲಕ್ಷ ಕೋಟಿಯನ್ನು ನೋಡಿ ಚಿತ್ರ ಬಿಡಿಸುವವರ ಮನೆ ಬೆಳಗಿತು ಅಂದುಕೊಳ್ಳಬೇಡಿ. ಎರಡು ಮುಖ್ಯ ಚಿತ್ರಗಳ ನಡುವಿನ ಚಲನೆಯನ್ನು ಹಾಳೆ ಹಾಳೆಯಾಗಿ ಬಿಡಿಸುವವರಿಗೆ ದೋಗಾ ಕಲಾವಿದರು ಅನ್ನುತ್ತಾರೆ. ಹಾಳೆಗೆ ಇಷ್ಟು ಅಂತ ಕೂಲಿ, ಬಹುಕಾಲ ಇನ್ನೂರು ಯೆನ್ನಿನ ಆಸುಪಾಸು. ಆನಿಮೇಟರುಗಳ ಸಂಘವೊಂದು 2015ರಲ್ಲಿ ಹೊರಡಿಸಿದ ಸಮೀಕ್ಷೆಯಲ್ಲಿ ಅವರ ವರ್ಷದ ಸರಾಸರಿ ಆದಾಯ 11 ಲಕ್ಷ ಯೆನ್ ಚಿಲ್ಲರೆ. ಟೋಕಿಯೋದಲ್ಲಿ ಅದು ಬಾಡಿಗೆಗೂ ಕಷ್ಟ. ಹೊಗಳಿಸಿಕೊಂಡ ಸರಣಿಗಳನ್ನು ಮಾಡಿದ ಮಾಂಗ್ಲೋಬ್ ಅನ್ನುವ ಸ್ಟುಡಿಯೋ ಅದೇ 2015ರಲ್ಲಿ ದಿವಾಳಿಯಾಯಿತು. ಡಿಸ್ಕಿನ ಕಾಲ ಅವರಿಗೆ ಚಿನ್ನದ ಕಾಲವೇನೂ ಆಗಿರಲಿಲ್ಲ. ಆಗಲೂ ಗುತ್ತಿಗೆ, ಈಗಲೂ ಬಹಳ ಮಟ್ಟಿಗೆ ಗುತ್ತಿಗೆ. ಕೊಡುವ ಕೈ ಬದಲಾಯಿತು, ಪಡೆಯುವ ಕೈ ಅಷ್ಟೇ ಗಿಡ್ಡ.

ತಪ್ಪಿಸಿಕೊಂಡವರೂ ಇದ್ದಾರೆ, ಪಾಲು ಹಾಕಿದವರು. ಮನಾಬಿ ಗೆರೆಯ ಯುಫೋಟೇಬಲ್ ನೆನಪಿದೆಯಲ್ಲ? 'ಡೆಮನ್ ಸ್ಲೇಯರ್' ಮಾಡಿದ್ದು ಅವರೇ. ಅದರ ಸಮಿತಿಯಲ್ಲಿ ಇದ್ದದ್ದು ಮೂರೇ ಜನ, ಆನಿಮೆ ಮಾಡಿಸಿ ಮಾರುವ ಕಂಪನಿ ಅನಿಪ್ಲೆಕ್ಸ್, ಪ್ರಕಾಶಕರಾದ ಶುಎಯ್ಶಾ ಮತ್ತು ಯುಫೋಟೇಬಲ್. 2020ರ ಅದರ ಸಿನಿಮಾ ಜಪಾನಿನಲ್ಲೇ 4,000 ಕೋಟಿ ಯೆನ್ನಿಗೂ ಹೆಚ್ಚು ಗಳಿಸಿ ಆ ದೇಶದ ಗಳಿಕೆಯ ದಾಖಲೆ ಮುರಿಯಿತು. 2,899 ಡಿಸ್ಕಿನಿಂದ ಅಲ್ಲಿಗೆ ಹದಿಮೂರು ವರ್ಷ.

ಕಾಣದ ಲೆಕ್ಕ

ಮಪ್ಪಾ ಅನ್ನುವ ಸ್ಟುಡಿಯೋ 2022ರಲ್ಲಿ ಸಮಿತಿಯೇ ಬೇಡ ಅಂತ ಪೂರ್ತಿ ಸ್ವಂತ ದುಡ್ಡು ಹಾಕಿ 'ಚೈನ್‌ಸಾ ಮ್ಯಾನ್' ಮಾಡಿತು. ಪ್ರಪಂಚವೆಲ್ಲ ನೋಡಿತು. ಡಿಸ್ಕು ಮಾತ್ರ ಮೊದಲ ವಾರ ಎರಡು ಸಾವಿರವನ್ನೂ ಮುಟ್ಟಲಿಲ್ಲ. ಹಳೇ ಗೆರೆ ಹಿಡಿದು ಕೂತವರು ಬಕುಶಿ ಬಕುಶಿ ಅಂತ ಕೂಗಿದರು. 2025ರಲ್ಲಿ ಅದರದೇ ಸಿನಿಮಾ ಬಂದು ದೊಡ್ಡದಾಗಿ ಗೆದ್ದಿತು. ಗೆರೆ ಸುಳ್ಳಾಗಿತ್ತು. ಸರಿ, ಆದರೆ ಅದರ ಜಾಗಕ್ಕೆ ಬಂದ ಗೆರೆ ಯಾವುದು? ಯಾರಿಗೂ ಕಾಣುವುದಿಲ್ಲ. ಯಾವ ಊರಿನ ಎಷ್ಟು ಜನ, ಯಾವ ಕಂತಿನ ಎಷ್ಟನೇ ನಿಮಿಷದಲ್ಲಿ ಎದ್ದು ಹೋದರು ಅನ್ನುವುದು ಸರಣಿ ತೋರಿಸುವ ಸ್ಟ್ರೀಮಿಂಗ್ ಕಂಪನಿಯ ಕಂಪ್ಯೂಟರಿಗೆ ಮಾತ್ರ ಗೊತ್ತು. ಮಾಡಿದವರಿಗೇ ಪೂರ್ತಿ ಹೇಳುವುದಿಲ್ಲ ಅನ್ನುವ ದೂರಿದೆ. ಒಂದು ಸರಣಿ ನಿಂತುಹೋದರೆ ಯಾಕೆ ನಿಂತಿತು ಅಂತ ತಿಳಿಯುವುದಿಲ್ಲ. ಎಷ್ಟು ಕೂಡಿಸಿದರೆ ಮತ್ತೆ ಶುರುವಾಗುತ್ತದೆ ಅಂತಲೂ ತಿಳಿಯುವುದಿಲ್ಲ. 2,899 ಪೆದ್ದ ಅಂಕಿಯೇ ಇರಬಹುದು, ಎಲ್ಲರ ಎದುರು ಬಿದ್ದಿತ್ತು. ನಾನು ಇನ್ನೊಂದು ಕೊಂಡರೆ 2,900 ಆಗುತ್ತಿತ್ತು.

ಕಾಣಿಕೆ ಹಾಕುವ ಕೈಗಳು ಈಗಲೂ ಇವೆ. ಈಗ ಅವು ಅಂಗೈಯಗಲದ ಅಕ್ರಿಲಿಕ್ ಗೊಂಬೆ ಕೊಳ್ಳುತ್ತವೆ, ಒಳಗೆ ಯಾರ ಚಿತ್ರವಿದೆ ಅಂತ ಗೊತ್ತಾಗದ ಪೊಟ್ಟಣದಲ್ಲಿ ಬರುವ ಬ್ಯಾಡ್ಜು ಕೊಳ್ಳುತ್ತವೆ. ಬೇಕಾದವಳು ಸಿಗುವವರೆಗೆ ಇಪ್ಪತ್ತು ಪೊಟ್ಟಣ. ಒಂದೇ ಸಿನಿಮಾಕ್ಕೆ ವಾರಕ್ಕೊಂದು ಹೊಸ ಕಾರ್ಡು ಕೊಡುತ್ತಾರೆಂದು ಹತ್ತು ಸಲ ಹೋಗುತ್ತವೆ. ಟೋಕಿಯೋದ ಅಕಿಹಬಾರಾದ ಅಂಗಡಿಗಳಲ್ಲಿ ಡಿಸ್ಕಿನ ಜಾಗ ವರ್ಷದಿಂದ ವರ್ಷಕ್ಕೆ ಕಿರಿದಾಗಿ, ಈ ಗೊಂಬೆಗಳ ಗೋಡೆ ಹಿಗ್ಗುವುದನ್ನು ನಾನೇ ಕಂಡಿದ್ದೇನೆ. ಮತ್ತೆ ಚಾಕಲೇಟು, ಸ್ಟಿಕ್ಕರು. ದುಡ್ಡು ಪಾತ್ರಕ್ಕೆ ಬೀಳುತ್ತದೆ, ಕತೆಗೆ ಬೀಳುವುದಿಲ್ಲ. ನನ್ನ ಡಬ್ಬಿಯೊಳಗಿನ ಆ ಸರಣಿಯಲ್ಲಿ ಗೊಂಬೆ ಮಾಡುವಂಥ ಒಬ್ಬ ಪಾತ್ರವೂ ಇಲ್ಲ. ಒಂದು ಮೀನುಗಾರರ ಹಳ್ಳಿ, ಮುಚ್ಚುವ ಹಂತದ ಒಂದು ಶಾಲೆ, ನಾಲ್ಕು ಮಕ್ಕಳು. ಇವತ್ತು ಅದನ್ನು ಸಮಿತಿಯ ಮುಂದೆ ಇಟ್ಟರೆ ಮೊದಲ ಪ್ರಶ್ನೆ ಏನು ಬರುತ್ತದೆಂದು ಊಹಿಸಬಹುದು.

ಆ ಡಬ್ಬಿ ಈಗ ಬೆಂಗಳೂರಿನ ನನ್ನ ಮನೆಯಲ್ಲಿದೆ. ಇಲ್ಲಿನ ಪ್ಲೇಯರಿಗೆ ಹಾಕಿದರೆ ಓಡುವುದಿಲ್ಲ. ಜಪಾನಿನ ಡಿವಿಡಿ ರೀಜನ್ ಎರಡು, ನಮ್ಮದು ಐದು. ನಾನು ಚಂದಾ ಕಟ್ಟುವ ಯಾವ ಆ್ಯಪಿನಲ್ಲೂ ಆ ಸರಣಿ ಇಲ್ಲ. ಅಕ್ಕನ ಮಗಳು ಒಮ್ಮೆ ಡಬ್ಬಿ ಎತ್ತಿ, ಅಲ್ಲಾಡಿಸಿ, "ಮಾವ, ಇದ್ರಲ್ಲಿ ಸ್ವೀಟ್ ಇದ್ಯಾ?" ಅಂತ ಕೇಳಿದಳು.

ಹೋದ ತಿಂಗಳು ಸೈತಾಮಾದಿಂದ ಮೇಲ್ ಬಂದಿತ್ತು. ವಯಸ್ಸಾದ ತಾಯಿಯನ್ನು ನೋಡಿಕೊಳ್ಳಲು ಊರಿಗೆ ಹೋಗುತ್ತಿದ್ದಾರಂತೆ. ಅಲ್ಲಿ ಕಪಾಟಿಗೆ ಜಾಗವಿಲ್ಲ. ಹಳೇ ಸಾಮಾನಿನ ಅಂಗಡಿಯವರನ್ನು ಕರೆಸಿದರಂತೆ. ಅವರು ತೂಕ ಹಾಕುವುದೊಂದು ಬಾಕಿ, ಹನ್ನೊಂದು ಪೆಟ್ಟಿಗೆ ತುಂಬಿಕೊಂಡು ಹೋದರಂತೆ. ಬಂದ ದುಡ್ಡಿನಲ್ಲಿ ತಾಯಿಗೆ ಒಂದು ಹೀಟರು ಕೊಂಡರಂತೆ. ಒಂದು ಸೆಟ್ಟು ಮಾತ್ರ ಕೊಡದೆ ಉಳಿಸಿಕೊಂಡಿದ್ದೇನೆ ಅಂತ ಬರೆದಿದ್ದರು. ಯಾವುದು ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಅದರ ಎರಡನೇ ಸೀಸನ್ ಇನ್ನೂ ಬಂದಿಲ್ಲ ಅಂತ ಮಾತ್ರ ಒಂದು ಸಾಲು ಇತ್ತು.